ಒಂದು ಅಂಗಡಿ, ಎರಡು ಬೆಂಕಿಕಡ್ಡಿ: ಕ್ಯಾಮೆರಾ, ಎಡಿಟಿಂಗ್, ಎಫೆಕ್ಟ್‌ಗಳಲ್ಲಿ ಕಿರುಚಿತ್ರದ ಕಥೆ ಹೇಳುವುದು ಹೇಗೆ

1895ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ತೋರಿಸಿದ ಒಂದು ಪುಟ್ಟ ಚಿತ್ರವಿದೆ. ಒಂದು ನಿಮಿಷವೂ ಇಲ್ಲ. ತೋಟದ ಮಾಲಿ ಪೈಪ್ ಹಿಡಿದು ಗಿಡಗಳಿಗೆ ನೀರು ಬಿಡುತ್ತಿರುತ್ತಾನೆ. ಹಿಂದಿನಿಂದ ಬಂದ ಹುಡುಗ ಪೈಪನ್ನು ತುಳಿಯುತ್ತಾನೆ. ನೀರು ನಿಂತಿತು. ಇದೇನಪ್ಪಾ ಅಂತ ಮಾಲಿ ಪೈಪಿನ ಬಾಯನ್ನು ಇಣುಕಿ ನೋಡಿದ. ಹುಡುಗ ಕಾಲು ತೆಗೆದ. ಮುಖದ ತುಂಬ ನೀರು! ಕ್ಯಾಮೆರಾ ಅಲ್ಲಾಡುವುದಿಲ್ಲ, ಎಲ್ಲೂ ಕಟ್ ಇಲ್ಲ. ಆದರೂ ನಗು ಬರುತ್ತದೆ. ಯಾಕೆಂದರೆ ಹುಡುಗ ನಮಗೆ ಕಾಣುತ್ತಾನೆ, ಮಾಲಿಗೆ ಕಾಣುವುದಿಲ್ಲ.

ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು? ಕ್ಯಾಮೆರಾ ಎಲ್ಲಿಡಬೇಕು, ಎಲ್ಲಿ ಕತ್ತರಿಸಬೇಕು, ಎಫೆಕ್ಟ್ ಬೇಕಾ ಬೇಡವಾ ಎನ್ನುವುದೆಲ್ಲ ಈ ಒಂದು ಪ್ರಶ್ನೆಯಿಂದಲೇ ತೀರ್ಮಾನವಾಗಬೇಕು. ಹತ್ತು ನಿಮಿಷದೊಳಗಿನ ಚಿತ್ರದಲ್ಲಂತೂ ಬೇರೆ ಯಾವುದಕ್ಕೂ ಜಾಗವಿಲ್ಲ. ಸುಮ್ನೆ ತತ್ವ ಹೇಳಿದರೆ ಪ್ರಯೋಜನ ಕಡಿಮೆ. ಹಾಗಾಗಿ ಒಂದು ಚಿಕ್ಕ ಕಥೆಯನ್ನು ಕೈಗೆತ್ತಿಕೊಂಡು, ಕಾಗದದಿಂದ ಕೊನೆಯ ಫೈಲ್‌ವರೆಗೆ ಮಾಡಿ ನೋಡೋಣ. ಒಂದು ಫೋನ್, ಒಂದು ಟ್ರೈಪಾಡ್, ಮೂರ್ನಾಲ್ಕು ಜನ ಗೆಳೆಯರು ಸಾಕು.

ಕಥೆ

ಸಂಜೆ. ಚಿಕ್ಕ ಕಿರಾಣಿ ಅಂಗಡಿ. ಹುಡುಗನೊಬ್ಬ ಅರ್ಧ ಕೆಜಿ ಸಕ್ಕರೆಗೆ ಬಂದಿದ್ದಾನೆ, ದುಡ್ಡು ತಂದಿಲ್ಲ. ಅಂಗಡಿಯ ಅಜ್ಜ ಉದ್ರಿ ಪುಸ್ತಕ ತೆಗೆಯುತ್ತಾನೆ. ಹುಡುಗನ ಮನೆಯ ಪುಟ ಆಗಲೇ ತುಂಬಿದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಅಜ್ಜ ಹಿಂದಕ್ಕೆ ತಿರುಗಿ ಶೆಲ್ಫಿನಲ್ಲಿ ಬೆಂಕಿಪೊಟ್ಟಣ ತಡಕಾಡುತ್ತಾನೆ. ಕಡ್ಡಿ ಗೀರಿದಾಗ ಶೆಲ್ಫಿಗೆ ತಗುಲಿಹಾಕಿದ ಕನ್ನಡಿಯಲ್ಲಿ ಹುಡುಗನ ಕೈ ಕಾಣುತ್ತದೆ. ಕೈ ಆ ಪುಟವನ್ನು ಹರಿಯುತ್ತಿದೆ. ಅಜ್ಜ ಒಂದು ಕ್ಷಣ ನೋಡಿ, ಉಫ್ ಅಂತ ಕಡ್ಡಿ ಆರಿಸಿಬಿಡುತ್ತಾನೆ. "ಥೂ, ಈ ಕಡ್ಡೀನೇ ಸರಿಯಿಲ್ಲ ಕಣೋ." ಹುಡುಗನ ಕೈ ಜೇಬಿಗೆ ಹೋದ ಮೇಲೆ ಎರಡನೇ ಕಡ್ಡಿ ಗೀರುತ್ತಾನೆ.

ಕಥೆ ಬರೆದ ಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಹುಡುಗ, ಅಜ್ಜ, ನೋಡುಗ. ಪ್ರತಿ ಘಟನೆಯ ಮುಂದೆ ಅದು ಯಾರಿಗೆ ಗೊತ್ತು ಅಂತ ಗುರುತು ಮಾಡಿ. ಈ ಕಥೆಯಲ್ಲಿ ಅಜ್ಜನಿಗೆ ಗೊತ್ತಾಗಿದ್ದು ಹುಡುಗನಿಗೆ ಕೊನೆವರೆಗೂ ಗೊತ್ತಾಗುವುದಿಲ್ಲ. ಆ ಖಾಲಿ ಚೌಕವೇ ನಿಮ್ಮ ಸಿನಿಮಾ. ಎಲ್ಲ ಚೌಕಗಳೂ ಒಟ್ಟಿಗೆ ತುಂಬಿಬಿಡುವ ಕಥೆಯಾದರೆ ಎಷ್ಟು ಚೆಂದದ ಶಾಟ್ ತೆಗೆದರೂ ಕಷ್ಟ.

ಬೆಳಕು ಮೊದಲು

ಶಾಟ್ ಪಟ್ಟಿಗಿಂತ ಮುಂಚೆ ಸಂಜೆ ಹೊತ್ತು ಒಮ್ಮೆ ಅಂಗಡಿಗೆ ಹೋಗಿ ನಿಂತು ನೋಡಿ. ಈ ಕಥೆಯಲ್ಲಿ ಮೂರು ಬೆಳಕುಗಳಿವೆ: ಬಲ್ಬು, ಹೊರಗಿನ ಮಬ್ಬು, ಬೆಂಕಿಕಡ್ಡಿ. ಮೂರೂ ಬೇರೆ ಬೇರೆ ಬಣ್ಣದಲ್ಲಿರಬೇಕು.

ಒಳಗೆ ಹಳದಿ ಬಲ್ಬು ಹಾಕಿ. ಪೊಟ್ಟಣದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದಿರುತ್ತದೆ. ಅದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ಬಾಗಿಲ ಹೊರಗೆ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಇಡಿ. ಫೋನಿನ ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವ ಬೆಳಕನ್ನು ಬಿಳಿ ಎಂದು ತೋರಿಸಬೇಕು ಎನ್ನುವ ಸೆಟ್ಟಿಂಗನ್ನು, 3200ಕ್ಕೆ ಲಾಕ್ ಮಾಡಿ. ಆಗ ಹೊರಗಿನ ಆ ಬಿಳಿ ಬೆಳಕು ತಾನಾಗಿಯೇ ನೀಲಿಗೆ ತಿರುಗುತ್ತದೆ. ಬೆಳದಿಂಗಳು ಪುಕ್ಕಟೆ ಸಿಕ್ಕಿತು.

ಆದರೆ ಆ ಎಲ್‌ಇಡಿಯನ್ನು ನೇರ ಒಳಕ್ಕೆ ತಿರುಗಿಸಬೇಡಿ. ನೆರಳು ಚಾಕುವಿನಲ್ಲಿ ಕೊಯ್ದ ಹಾಗೆ ಬೀಳುತ್ತದೆ. ಬಿಳಿ ಪಂಚೆ ಕಟ್ಟಿ, ಅದಕ್ಕೆ ಬೆಳಕು ಬಡಿಸಿ, ಅಲ್ಲಿಂದ ಚದುರಿ ಬರುವುದನ್ನು ಬಳಸಿ. 1956ರ 'ಅಪರಾಜಿತೊ'ದಲ್ಲಿ ಛಾಯಾಗ್ರಾಹಕ ಸುಬ್ರತೊ ಮಿತ್ರ ಬನಾರಸ್ ಮನೆಯ ಸೆಟ್‌ಗೆ ಬಟ್ಟೆ ಹಿಡಿದು ಬೆಳಕು ಚೆಲ್ಲಿದ್ದು ಇದೇ ಉಪಾಯದಲ್ಲಿ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್'ಗಾಗಿ ದೊಡ್ಡ ಕನ್ನಡಿಗಳಲ್ಲಿ ಬಿಸಿಲನ್ನು ಹಿಡಿದು ಸ್ಟುಡಿಯೋದೊಳಗೆ ಬೆಳಕಿನ ಕೋಲನ್ನೇ ಇಳಿಸಿದರು. ಬಟ್ಟೆ, ಕನ್ನಡಿ ಎರಡೂ ನಿಮ್ಮ ಮನೆಯಲ್ಲೇ ಇವೆ.

ರಾತ್ರಿ ಎಂದರೆ ಪೂರ್ತಿ ಕಪ್ಪು ಅಂದುಕೊಳ್ಳಬೇಡಿ. ಕತ್ತಲಲ್ಲೂ ಏನೋ ಒಂದಿಷ್ಟು ಕಾಣಬೇಕು, ಏನೋ ಒಂದಿಷ್ಟು ಕಾಣಬಾರದು. 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ಎಂಬ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಸಿಕ್ಕರೆ ನೋಡಿ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದಿದ್ದರಿಂದ ಬೆಳಗೇ ಆಗುವುದಿಲ್ಲ. ಅಂಥ ಕಥೆಗೆ ಕತ್ತಲೆ ಬರೀ ಹಿನ್ನೆಲೆಯಾಗಿ ಉಳಿಯಲು ಆಗುತ್ತದಾ?

ಈಗ ಫೋನಿನ ಸೆಟ್ಟಿಂಗ್. ಸೆಕೆಂಡಿಗೆ 25 ಫ್ರೇಮ್, ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಇದಕ್ಕೆ ಹೊಂದದ ಶಟರ್ ಇಟ್ಟರೆ ಕೆಲವು ಎಲ್‌ಇಡಿಗಳ ಬೆಳಕಲ್ಲಿ ಪಟ್ಟೆಗಳು ಓಡಾಡುತ್ತವೆ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಕಡ್ಡಿ ಹೊತ್ತಿದ ತಕ್ಷಣ ಫೋನ್ ಹೆದರಿ ಇಡೀ ಚಿತ್ರವನ್ನೇ ಕಪ್ಪು ಮಾಡುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್‌ನಲ್ಲಿ ಇದೆಲ್ಲ ಕೈಯಾರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆದಷ್ಟು ಕಡಿಮೆ ಇರಲಿ, ಇಲ್ಲದಿದ್ದರೆ ಕತ್ತಲ ಭಾಗವೆಲ್ಲ ಕಾಳುಕಾಳಾಗುತ್ತದೆ.

ಶಾಟ್ ಪಟ್ಟಿ

ಇಲ್ಲಿ ಆತುರ ಬೇಡ. ಶೂಟಿಂಗ್ ದಿನ ತಲೆ ಓಡುವುದಿಲ್ಲ, ಕಾಗದವೇ ಗತಿ. ನಮ್ಮ ಕಥೆಗೆ ನಾನು ಬರೆಯುವ ಪಟ್ಟಿ ಇದು.

1. ರಸ್ತೆಯಿಂದ ವೈಡ್, ಅಂದರೆ ಇಡೀ ಜಾಗ ಕಾಣುವ ಶಾಟ್. ಸುತ್ತ ನೀಲಿ ಮಬ್ಬು, ಒಳಗೆ ಹಳದಿ. ಹುಡುಗ ಚಿಕ್ಕದಾಗಿ ಕಾಣುತ್ತಾನೆ.
2. ಗಲ್ಲಾದ ಪಕ್ಕದಿಂದ ಇಬ್ಬರ ಮಿಡ್ ಶಾಟ್, ಸೊಂಟದಿಂದ ಮೇಲಕ್ಕೆ. ಎಡಕ್ಕೆ ಹುಡುಗ, ಬಲಕ್ಕೆ ಅಜ್ಜ. ಹಿಂದಿನ ಶೆಲ್ಫಿನಲ್ಲಿ ಕನ್ನಡಿ.
3. ಉದ್ರಿ ಪುಸ್ತಕದ ಕ್ಲೋಸಪ್. ತುಂಬಿದ ಪುಟ, ಅಜ್ಜನ ಬೆರಳು.
4. ಹುಡುಗನ ಮುಖ, ಕ್ಲೋಸಪ್.
5. ಬಲ್ಬು ಮಾತ್ರ. ಆರುತ್ತದೆ.
6. ಎರಡನೇ ಶಾಟಿನದೇ ಜಾಗ, ಕತ್ತಲು. ಅಜ್ಜ ತಿರುಗುತ್ತಾನೆ.
7. ಹುಡುಗನ ಕೈ ಪುಸ್ತಕದತ್ತ ಸರಿಯುತ್ತದೆ.
8. ಶೆಲ್ಫಿನ ಕಡೆಯಿಂದ ಅಜ್ಜನ ಮುಖ. ಕಡ್ಡಿ ಗೀರುತ್ತಾನೆ, ಕಣ್ಣು ಮೇಲೇಳುತ್ತದೆ.
9. ಕನ್ನಡಿ. ಅದರಲ್ಲಿ ಕೈ, ಹರಿಯುತ್ತಿರುವ ಪುಟ.
10. ಮತ್ತೆ ಅಜ್ಜನ ಮುಖ. ಊದುತ್ತಾನೆ.
11. ಎರಡನೇ ಕಡ್ಡಿ, ಮೇಣದಬತ್ತಿ, ಇಬ್ಬರ ಮಿಡ್ ಶಾಟ್.
12. ವೈಡ್. ಹುಡುಗ ಸಕ್ಕರೆ ಹಿಡಿದು ಹೋಗುತ್ತಾನೆ.

ಎರಡನೇ ಶಾಟ್ ನೋಡಿ. ಕನ್ನಡಿ ಅಲ್ಲೇ ಇದೆ, ಬಾಚಣಿಗೆ, ಶಾಂಪೂ ಸ್ಯಾಷೆಗಳ ನಡುವೆ. ಯಾರೂ ಗಮನಿಸುವುದಿಲ್ಲ. ಆದರೆ ಒಂಬತ್ತರಲ್ಲಿ ಅದು ದೊಡ್ಡದಾಗಿ ಬಂದಾಗ "ಈ ಕನ್ನಡಿ ಎಲ್ಲಿಂದ ಬಂತು?" ಅಂತ ಯಾರೂ ಕೇಳುವುದೂ ಇಲ್ಲ. ಮುಂದೆ ಕೆಲಸಕ್ಕೆ ಬರುವ ವಸ್ತುವನ್ನು ಮೊದಲೇ ವೈಡ್ ಅಥವಾ ಮಿಡ್‌ನಲ್ಲಿ ಸದ್ದಿಲ್ಲದೆ ತೋರಿಸಿಟ್ಟುಬಿಡಿ.

ಹುಡುಗನಿಂದ ಅಜ್ಜನವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಇಬ್ಬರ ಶಾಟ್‌ಗಳಲ್ಲೂ ಕ್ಲೋಸಪ್‌ಗಳಲ್ಲೂ ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿರಲಿ. ಗೆರೆ ದಾಟಿದರೆ ಎಡಗಡೆ ಇದ್ದ ಹುಡುಗ ಬಲಕ್ಕೆ ಹಾರುತ್ತಾನೆ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದೇ ಗೊಂದಲ. ಇಂಥ ಕಥೆಯಲ್ಲಿ ನೋಟವೇ ಎಲ್ಲ, ಆ ಗೊಂದಲ ನಮಗೆ ಬೇಡ.

ಮುಖದ ಕ್ಲೋಸಪ್‌ಗೆ ಫೋನಿನ ಮುಖ್ಯ ಲೆನ್ಸನ್ನು ಮುಖದ ಹತ್ತಿರ ಒಯ್ಯಬೇಡಿ. ಅದು ಅಗಲದ ಲೆನ್ಸ್, ಮೂಗು ದಪ್ಪ ಕಾಣುತ್ತದೆ. ಹಿಂದೆ ಸರಿದು 2ಎಕ್ಸ್ ಜೂಮ್ ಹಾಕಿ. ಎತ್ತರಕ್ಕೂ ಅರ್ಥವಿದೆ. ನಾಲ್ಕನೇ ಶಾಟನ್ನು ಮೇಲಿಂದ ತೆಗೆದರೆ ಹುಡುಗ ಪಾಪ ಅನ್ನಿಸುತ್ತಾನೆ. ಅವನ ಕಣ್ಣಿನ ಮಟ್ಟದಲ್ಲೇ ತೆಗೆದರೆ ಅವನ ಲೆಕ್ಕಾಚಾರ ಕಾಣುತ್ತದೆ. ನನಗೆ ಎರಡನೆಯದೇ ಇಷ್ಟ. ಕನಿಕರವನ್ನು ಅಜ್ಜ ತೋರಿಸಲಿ, ಕ್ಯಾಮೆರಾ ಯಾಕೆ ಮುಂಚೆಯೇ ತೋರಿಸಬೇಕು?

ಕ್ಯಾಮೆರಾ ಚಲನೆ ಇಡೀ ಚಿತ್ರದಲ್ಲಿ ಒಂದೇ ಸಲ ಸಾಕು. ಹತ್ತನೇ ಶಾಟಿನಲ್ಲಿ ಅಜ್ಜನ ಮುಖದ ಕಡೆಗೆ ನಿಧಾನವಾಗಿ, ಒಂದು ಗೇಣು ಹತ್ತಿರಕ್ಕೆ. ಶೆಲ್ಫಿನ ಹಲಗೆಯ ಮೇಲೆ ಮಡಿಸಿದ ಬಟ್ಟೆ ಇಟ್ಟು, ಅದರ ಮೇಲೆ ಫೋನ್ ನಿಲ್ಲಿಸಿ ಬಟ್ಟೆ ಎಳೆದರೆ ಆಯಿತು. ಒಂದೇ ಚಲನೆ ಎಂದರೆ ಜಿಪುಣತನ ಅನ್ನಿಸಬಹುದು. ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜತೆ' 28 ನಿಮಿಷದ್ದು, ಹೆಚ್ಚುಕಡಿಮೆ ಪೂರ್ತಿ ಸ್ಥಿರ ಫೋಟೋಗಳಿಂದಲೇ ಕಟ್ಟಿದ್ದು. ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ: ಮಲಗಿದ್ದ ಹೆಂಗಸು ಕಣ್ಣು ತೆರೆಯುತ್ತಾಳೆ. ಉಳಿದದ್ದೆಲ್ಲ ನಿಶ್ಚಲವಾಗಿದ್ದಕ್ಕೇ ಆ ರೆಪ್ಪೆಯ ಚಲನೆಗೆ ಅಷ್ಟು ಬೆಲೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಇದೆ ಅಂತ ಊರೆಲ್ಲ ಓಡಾಡುವ ಕಿರುಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ.

ಶೂಟಿಂಗ್ ದಿನ

ಕಥೆಯ ಕ್ರಮದಲ್ಲಿ ತೆಗೆಯಬೇಡಿ. ಬೆಳಕಿನ ಕ್ರಮದಲ್ಲಿ ತೆಗೆಯಿರಿ. ಸೂರ್ಯ ಮುಳುಗಿದ ಮೇಲಿನ ನೀಲಿ ಹೊತ್ತು ಬಹಳ ಬೇಗ ಮುಗಿಯುತ್ತದೆ, ಹಾಗಾಗಿ ಮೊದಲು 1 ಮತ್ತು 12. ಆಮೇಲೆ ಬಲ್ಬಿನ ಶಾಟ್‌ಗಳು. ಕೊನೆಗೆ ಕತ್ತಲಿನವು.

ಪ್ರತಿ ಶಾಟಿನಲ್ಲೂ ಚಲನೆ ಒಂದರ ಮೇಲೊಂದು ಬರುವಂತೆ ತೆಗೆಯಿರಿ. ಆರರಲ್ಲಿ ಅಜ್ಜ ಪೂರ್ತಿ ತಿರುಗಲಿ. ಎಂಟರಲ್ಲೂ ತಿರುಗುವುದರಿಂದಲೇ ಶುರುವಾಗಲಿ. ಕತ್ತರಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಸಕ್ಕರೆ ಪೊಟ್ಟಣ ಯಾವ ಕೈಯಲ್ಲಿತ್ತು, ಪುಸ್ತಕ ಎಷ್ಟು ತೆರೆದಿತ್ತು ಅಂತ ಪ್ರತಿ ಟೇಕ್ ಮುಗಿದ ಮೇಲೆ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಹರಿಯುವ ಪುಟಕ್ಕೆ ಒಂದೇ ಥರ ಬರೆದ ನಾಲ್ಕೈದು ಹಾಳೆ ಮೊದಲೇ ತಯಾರಿರಲಿ.

ಕನ್ನಡಿ ಶಾಟ್ ಸ್ವಲ್ಪ ತಲೆನೋವು. ಅಜ್ಜ ನಿಂತ ಜಾಗದಿಂದ ಕನ್ನಡಿಯಲ್ಲಿ ಕಾಣುವುದೇ ಬೇರೆ, ಕ್ಯಾಮೆರಾದಿಂದ ಕಾಣುವುದೇ ಬೇರೆ. ಒಂಬತ್ತನೇ ಶಾಟಿಗೆ ಅಜ್ಜನನ್ನು ಪಕ್ಕಕ್ಕೆ ಕಳಿಸಿ, ಅವನ ತಲೆ ಇದ್ದ ಜಾಗದಲ್ಲೇ ಕ್ಯಾಮೆರಾ ಇಡಿ. ಕೈ ಕಾಣದಿದ್ದರೆ ಕನ್ನಡಿಯ ಹಿಂದೆ ಮಡಿಸಿದ ಕಾಗದ ಸಿಕ್ಕಿಸಿ ಓರೆ ಮಾಡಿ. ಎಂಟರಲ್ಲಿ ಅಜ್ಜ ನಿಜವಾಗಿ ಕನ್ನಡಿ ನೋಡಬೇಕಿಲ್ಲ. ಲೆನ್ಸಿಗಿಂತ ನಾಲ್ಕು ಬೆರಳು ಪಕ್ಕಕ್ಕೆ ನೋಡಿದರೆ ಸಾಕು. ಕೋನ ಅಳೆಯುವ ನೋಡುಗ ಇನ್ನೂ ಹುಟ್ಟಿಲ್ಲ.

ಇನ್ನು ಅಜ್ಜನ ಪಾತ್ರಧಾರಿಗೆ ಹತ್ತನೇ ಶಾಟಿನಲ್ಲಿ ಏನು ಹೇಳಬೇಕು? "ಏನೂ ಮಾಡಬೇಡಿ. ಬರೀ ನೋಡಿ, ಒಂದು ಉಸಿರು ಬಿಡಿ, ಕಡ್ಡಿ ಊದಿ." ಸೋವಿಯತ್ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಸಿನಿಮಾ ಶಾಲೆಗಳಲ್ಲೆಲ್ಲ ಪಾಠವಾಗಿದೆ. ನಟನೊಬ್ಬನ ಒಂದೇ ಮುಖಭಾವದ ಶಾಟನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಂಗಸು, ಹೀಗೆ ಬೇರೆ ಬೇರೆ ಶಾಟ್‌ಗಳ ಜೊತೆ ಜೋಡಿಸಿದ. ನೋಡಿದವರಿಗೆ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತು. ನಮ್ಮಲ್ಲಿ ಕನ್ನಡಿಯ ಶಾಟ್ ಆದ ಮೇಲೆ ಬರುವ ಅಜ್ಜನ ಮುಖಕ್ಕೆ ಕರುಣೆಯನ್ನು ನೋಡುಗನೇ ತುಂಬುತ್ತಾನೆ. ನಟ ಕಣ್ಣೀರು ತಂದುಕೊಂಡರೆ ಕೆಟ್ಟಿತು.

ಶಬ್ದದ ಬಗ್ಗೆ ಒಂದೆರಡು ಮಾತು. ಫ್ರಿಜ್, ಫ್ಯಾನ್ ಆಫ್ ಮಾಡಿ. ಇನ್ನೊಂದು ಫೋನನ್ನು ನಟರ ಹತ್ತಿರ ಬಚ್ಚಿಟ್ಟು ಬೇರೆಯಾಗಿ ರೆಕಾರ್ಡ್ ಮಾಡಿ, ಆಮೇಲೆ ಚಿತ್ರಕ್ಕೆ ಸದ್ದು ಹೊಂದಿಸಲು ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ. ಎಲ್ಲರೂ ಸುಮ್ಮನಿದ್ದು ಅಂಗಡಿಯ ಮೌನವನ್ನು ಅರ್ಧ ನಿಮಿಷ ತುಂಬಿಸಿಕೊಳ್ಳಿ. ಕಡ್ಡಿ ಗೀರುವ ಸದ್ದು, ಕಾಗದ ಹರಿಯುವ ಸದ್ದು ಎರಡನ್ನೂ ಮೈಕ್ ಹತ್ತಿರ ಹಿಡಿದು ಪ್ರತ್ಯೇಕವಾಗಿ ತೆಗೆಯಿರಿ.

ಎಡಿಟಿಂಗ್: ಒಂದೇ ಶಾಟ್‌ಗಳು, ಮೂರು ಸಿನಿಮಾ

ಎಡಿಟಿಂಗ್ ಸಾಫ್ಟ್‌ವೇರ್ ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳ ಸಾಕು. ಎಲ್ಲ ಶಾಟ್‌ಗಳನ್ನೂ ಪಟ್ಟಿಯ ಕ್ರಮದಲ್ಲಿ ಉದ್ದುದ್ದ ಜೋಡಿಸಿ ಒಮ್ಮೆ ನೋಡಿ. ಬೇಜಾರಾಗುತ್ತದೆ, ಆಗಲಿ. ಆಮೇಲೆ ಟೈಮ್‌ಲೈನ್‌ನ ಎರಡು ನಕಲು ಮಾಡಿಕೊಂಡು ಆಟ ಶುರು ಮಾಡಿ.

ಮೊದಲನೆಯದು ಪಟ್ಟಿಯಲ್ಲಿದ್ದಂತೆ: ಏಳನೇ ಶಾಟಿನಲ್ಲಿ ಹುಡುಗನ ಕೈ ಹೋಗುವುದು ನಮಗೆ ಮುಂಚೆಯೇ ಗೊತ್ತು. ಅಜ್ಜ ಕಡ್ಡಿ ಗೀರುವಾಗ "ಅಯ್ಯೋ, ಸಿಕ್ಕಿಬಿದ್ದ" ಅಂತ ಎದೆ ಹಿಡಿಯುತ್ತದೆ. ಎರಡನೆಯದರಲ್ಲಿ ಏಳನ್ನು ಕಿತ್ತುಹಾಕಿ. ಈಗ ಕಳ್ಳತನ ನಮಗೂ ಅಜ್ಜನಿಗೂ ಒಟ್ಟಿಗೇ, ಕನ್ನಡಿಯಲ್ಲೇ ಗೊತ್ತಾಗುತ್ತದೆ. ನಾವು ಅಜ್ಜನ ಪಕ್ಷ. ಮೂರನೆಯದರಲ್ಲಿ ಏಳೂ ಇಲ್ಲ, ಒಂಬತ್ತೂ ಅಲ್ಲಿಲ್ಲ. ಅಜ್ಜ ಕಡ್ಡಿ ಆರಿಸಿದ, ಬೈದ, ಇನ್ನೊಂದು ಹಚ್ಚಿದ, ಹುಡುಗ ಹೋದ. ಆಮೇಲೆ ಕನ್ನಡಿಯ ಶಾಟನ್ನು ನೆನಪಿನಂತೆ ತಂದು ಹಾಕಿ. ಈಗ ಕಥೆ ಹಿಂದಕ್ಕೆ ತಿರುಗಿ ಅರ್ಥವಾಗುತ್ತದೆ.

ಮೂರನೆಯದು ಜಾಣತನದ್ದು, ಕಾಲೇಜು ಸ್ಪರ್ಧೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಆದರೆ ಅಜ್ಜ ಆ ಒಂದು ಕ್ಷಣ ಏನು ನಿರ್ಧರಿಸಿದ ಎನ್ನುವುದನ್ನು ಅದು ನುಂಗಿಹಾಕುತ್ತದೆ. ನನ್ನ ಓಟು ಮೊದಲನೆಯದಕ್ಕೆ. ಮೂರನ್ನೂ ಮಾಡಿ ನೋಡದೆ ನನ್ನ ಮಾತು ನಂಬಬೇಡಿ.

ಎಲ್ಲಿ ಕತ್ತರಿಸಬೇಕು? ಚಲನೆಯ ನಡುವೆ. ಆರರಲ್ಲಿ ಅಜ್ಜನ ಭುಜ ತಿರುಗಲು ಶುರುವಾದಾಗ ಕತ್ತರಿಸಿ, ಎಂಟರಲ್ಲಿ ಉಳಿದರ್ಧ ತಿರುಗಲಿ. ಮೊದಲ ಆವೃತ್ತಿಯಲ್ಲಿ ನಡುವೆ ಏಳು ಬರುವುದರಿಂದ ಕೈ ಸರಿಯುವ ಚಲನೆಯ ಮೇಲೆ ಕತ್ತರಿಸಿ. ಕಣ್ಣು ಚಲನೆಯನ್ನು ಹಿಂಬಾಲಿಸುತ್ತಿರುತ್ತದೆ, ಕಟ್ ಕಾಣುವುದಿಲ್ಲ. ಅಮೆರಿಕದ ನಿರ್ದೇಶಕಿ ಮಾಯಾ ಡೆರೆನ್ 1943ರ 'ಮೆಷಸ್ ಆಫ್ ದಿ ಆಫ್ಟರ್‌ನೂನ್'ನಲ್ಲಿ ಇದನ್ನು ಎಲ್ಲಿಗೆ ಒಯ್ದಳು ನೋಡಿ: ಹೆಂಗಸಿನ ಒಂದು ಹೆಜ್ಜೆ ಮರಳಿನ ಮೇಲೆ, ಮುಂದಿನದು ಹುಲ್ಲಿನ ಮೇಲೆ, ಆಮೇಲೆ ಕಲ್ಲುಹಾಸಿನ ಮೇಲೆ, ಕೊನೆಯದು ಮನೆಯ ಜಮಖಾನೆಯ ಮೇಲೆ. ನಡಿಗೆ ಒಂದೇ, ಜಾಗ ನಾಲ್ಕು.

ಶಬ್ದವನ್ನು ಚಿತ್ರದ ಜೊತೆಗೇ ಕತ್ತರಿಸಬೇಡಿ. ಕಾಗದ ಹರಿಯುವ ಸದ್ದು ಎಂಟನೇ ಶಾಟಿನಲ್ಲೇ, ಅಜ್ಜನ ಮುಖದ ಮೇಲೆಯೇ ಸಣ್ಣಗೆ ಶುರುವಾಗಲಿ. ಅವನು ಕೇಳಿಸಿಕೊಂಡು ಕಣ್ಣೆತ್ತುತ್ತಾನೆ, ಆಮೇಲೆ ಕನ್ನಡಿ. ಈ ಒಂದು ಸದ್ದು ಸರಿಸಿದ್ದರಿಂದ ಅಜ್ಜ ಯಾಕೆ ಮೇಲೆ ನೋಡಿದ ಎನ್ನುವುದಕ್ಕೆ ಕಾರಣವೂ ಸಿಕ್ಕಿತು.

ಕನ್ನಡಿಯ ಶಾಟ್ ಎಷ್ಟು ಹೊತ್ತು? ಕೈ, ಪುಸ್ತಕ, ಹರಿಯುವುದು ಮೂರೂ ಅರ್ಥವಾಗುವಷ್ಟು, ಸುಮಾರು ಎರಡು ಸೆಕೆಂಡ್. ನಿಮಗೆ ಕಥೆ ಗೊತ್ತಿರುವುದರಿಂದ ಅರ್ಧ ಸೆಕೆಂಡೇ ಸಾಕು ಅನ್ನಿಸುತ್ತದೆ. ಅದು ಮೋಸ. ಅಜ್ಜನ ಮುಖವನ್ನು ಮಾತ್ರ ಉದ್ದಕ್ಕೆ ಬಿಡಿ.

ಎಫೆಕ್ಟ್: ಆದಷ್ಟು ಕ್ಯಾಮೆರಾದಲ್ಲೇ

ಫ್ರಾನ್ಸಿನ ಜಾದೂಗಾರ, ನಿರ್ದೇಶಕ ಜಾರ್ಜ್ ಮೆಲಿಯೆಸ್ 1896ರಲ್ಲಿ ಕುರ್ಚಿಯಲ್ಲಿ ಕೂತ ಹೆಂಗಸನ್ನು ಮಾಯ ಮಾಡಿದ್ದು ಕ್ಯಾಮೆರಾ ನಿಲ್ಲಿಸಿ, ಅವಳನ್ನು ಕಳಿಸಿ, ಮತ್ತೆ ಶುರು ಮಾಡಿ, ಫಿಲ್ಮನ್ನು ಹೊಂದಿಸಿ ಅಂಟಿಸಿ. ಎಫೆಕ್ಟ್ ಹುಟ್ಟಿದ್ದೇ ಕಟ್‌ನಿಂದ. ನಮ್ಮ ಕರೆಂಟ್ ಹೋಗುವ ದೃಶ್ಯವೂ ಹಾಗೆಯೇ. ಐದನೇ ಶಾಟಿನಲ್ಲಿ ಬಲ್ಬು ಮಾತ್ರ ಇರುವುದರಿಂದ ಅದರ ಹಿಂದಿನ ಶಾಟ್, ಮುಂದಿನ ಶಾಟ್ ಬೇರೆ ಬೇರೆ ದಿನ, ಬೇರೆ ಬೆಳಕಿನಲ್ಲಿ ತೆಗೆದರೂ ನಡೆಯುತ್ತದೆ. ಈ ಶಾಟಿಗೆ ಹಳೇ ತಂತಿಯ ಬಲ್ಬು ಹುಡುಕಿ. ಎಲ್‌ಇಡಿ ಥಟ್ ಅಂತ ಆರುತ್ತದೆ. ತಂತಿ ಕ್ಷಣಹೊತ್ತು ಕೆಂಪಾಗಿ ಉಳಿದು ಆರುತ್ತದೆ.

ಕಡ್ಡಿಯ ಬೆಳಕು ಅಜ್ಜನ ಮುಖಕ್ಕೆ ಸಾಕು, ಹುಡುಗನ ಕೈವರೆಗೆ ಮುಟ್ಟುವುದಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ಗಲ್ಲಾದ ಕೆಳಗೆ ಒಬ್ಬ ಗೆಳೆಯನನ್ನು ಕೂರಿಸಿ. ಕೈಯಲ್ಲಿ ಟಾರ್ಚ್, ಅದರ ಮೇಲೆ ಕಿತ್ತಳೆ ಬಣ್ಣದ ಜಿಲೆಟಿನ್ ಕಾಗದ. ಕಡ್ಡಿ ಗೀರಿದಾಗ ಅಂಗೈ ತೆಗೆಯಲಿ, ಬೆರಳಾಡಿಸಲಿ. ಊದಿದಾಗ ಮುಚ್ಚಲಿ. ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಕೂತರೂ ಇಷ್ಟು ಸಹಜವಾಗಿ ಬರುವುದು ಕಷ್ಟ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ, ಅಂಗಡಿಯಲ್ಲಿ ಕಾಗದ, ಪ್ಲಾಸ್ಟಿಕ್ ಜಾಸ್ತಿ ಅಲ್ವಾ.

ಏನೇ ಮಾಡಿದರೂ ಕನ್ನಡಿ ಹೊಂದಲಿಲ್ಲ ಎಂದರೆ ಆಗ ಕಂಪ್ಯೂಟರ್. ಟ್ರೈಪಾಡ್ ಅಲ್ಲಾಡಿಸದೆ ಖಾಲಿ ಕನ್ನಡಿಯ ಶಾಟ್ ತೆಗೆಯಿರಿ. ಕೈಯನ್ನು ಬೇರೆ ಶಾಟಿನಲ್ಲಿ ತೆಗೆಯಿರಿ. ದೂರ ಲೆಕ್ಕ ಹಾಕಿ: ಕ್ಯಾಮೆರಾದಿಂದ ಕನ್ನಡಿಗೆ, ಕನ್ನಡಿಯಿಂದ ಕೈಗೆ ಎಷ್ಟೋ ಅವೆರಡೂ ಸೇರಿದಷ್ಟು ದೂರದಿಂದಲೇ ತೆಗೆಯಬೇಕು. ಇಲ್ಲದಿದ್ದರೆ ಕೈ ವಿಪರೀತ ದೊಡ್ಡದಾಗಿ ಕಾಣುತ್ತದೆ. ಎಡಿಟಿಂಗ್‌ನಲ್ಲಿ ಆ ಶಾಟನ್ನು ಎಡ ಬಲ ತಿರುಗಿಸಿ, ಪುಸ್ತಕದ ಅಕ್ಷರಗಳು ಉಲ್ಟಾ ಆಗಬೇಕು. ಕನ್ನಡಿಯ ಆಕಾರಕ್ಕೆ ಮಾಸ್ಕ್ (ಒಳಗಿನ ಭಾಗ ಮಾತ್ರ ಕಾಣುವಂತೆ ಮಾಡುವ ಗಡಿ) ಎಳೆದು ಕೂರಿಸಿ, ಸ್ವಲ್ಪ ಮಂಕು ಮಾಡಿ. ಖಾಲಿ ಶಾಟಿನಲ್ಲಿ ಕನ್ನಡಿಯ ಮೇಲಿದ್ದ ಧೂಳು, ಗೀರುಗಳನ್ನು ಮೇಲ್ಪದರವಾಗಿ ತೆಳ್ಳಗೆ ಉಳಿಸಿಕೊಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಮೆಲಿಯೆಸ್ 1900ರಲ್ಲಿ ತಾನೊಬ್ಬನೇ ಏಳು ಜನ ವಾದ್ಯಗಾರರಾಗಿ ಒಂದೇ ಪರದೆಯ ಮೇಲೆ ಕೂತದ್ದೂ ಹೀಗೆ, ಚಿತ್ರದ ಒಂದೊಂದೇ ಭಾಗವನ್ನು ಬೇರೆ ಬೇರೆಯಾಗಿ ತುಂಬಿಸಿಯೇ.

ಬಣ್ಣದ ಕೆಲಸದಲ್ಲಿ ಕೈ ಬಿಗಿ ಹಿಡಿಯಿರಿ. ಹಳದಿ, ನೀಲಿ ಎರಡನ್ನೂ ಶೂಟಿಂಗ್‌ನಲ್ಲೇ ತಂದಿದ್ದೀರಿ. ಶಾಟ್‌ನಿಂದ ಶಾಟ್‌ಗೆ ಚರ್ಮದ ಬಣ್ಣ ಹೊಂದುವಂತೆ ನೋಡಿಕೊಂಡರೆ ಸಾಕು. ಸ್ಲೋ ಮೋಷನ್ ಬೇಡ. ಕಡ್ಡಿ ಊದುವುದನ್ನು ನಿಧಾನ ಮಾಡಿದರೆ ಅಜ್ಜ ಮಹಾತ್ಮನಾಗಿಬಿಡುತ್ತಾನೆ.

ತೋರಿಸಿ ನೋಡುವುದು

ಮೊದಲು ನೀವೇ ಶಬ್ದ ಮುಚ್ಚಿ ನೋಡಿ. ಕಥೆ ಅರ್ಥವಾಗದಿದ್ದರೆ ಒಂದು ಶಾಟ್ ಕಮ್ಮಿಯಾಗಿದೆ. ಆಮೇಲೆ ಕಥೆ ಗೊತ್ತಿಲ್ಲದ ಮೂರ್ನಾಲ್ಕು ಜನರಿಗೆ ತೋರಿಸಿ. "ಹೇಗಿದೆ?" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ. "ಅಜ್ಜ ಮೊದಲ ಕಡ್ಡಿ ಯಾಕೆ ಆರಿಸಿದ?" ಅಂತ ಕೇಳಿ. "ಗಾಳಿಗೆ ಆರಿತು" ಅಂದರೆ ಹತ್ತನೇ ಶಾಟಿನಲ್ಲಿ ಊದುವುದು ಕಾಣುತ್ತಿಲ್ಲ, ಉಸಿರಿನ ಸದ್ದು ಜೋರು ಮಾಡಿ. "ಅಜ್ಜ ಏನು ನೋಡಿದ ಗೊತ್ತಾಗಲಿಲ್ಲ" ಅಂದರೆ ಕನ್ನಡಿಯ ಶಾಟಿಗೆ ಅರ್ಧ ಸೆಕೆಂಡ್ ಸೇರಿಸಿ, ಅಥವಾ ಟಾರ್ಚಿನ ಬೆಳಕು ಹೆಚ್ಚಿಸಿ ಆ ಒಂದನ್ನು ಮತ್ತೆ ತೆಗೆಯಿರಿ. "ಹುಡುಗನಿಗೂ ಗೊತ್ತಾಯ್ತು ಅಲ್ವಾ?" ಅಂದರೆ ಹನ್ನೊಂದರಲ್ಲಿ ಹುಡುಗನ ಪಾತ್ರಧಾರಿ ಅಜ್ಜನನ್ನು ಹೆಚ್ಚು ಹೊತ್ತು ನೋಡುತ್ತಿದ್ದಾನೆ, ಅವನ ನೋಟ ಸಕ್ಕರೆಯ ಮೇಲೆ ಬೀಳುವಲ್ಲಿಗೇ ಕತ್ತರಿಸಿ.